ಬೀರುವಿನ ಹಿಂದಿನ ಗೋಡೆ

ಮಾರ್ಚ್ ೩, ಸಂಜೆ ೬

ಕೊಳ್ಳಲೆಂದು ಇವತ್ತು ನೋಡಿದ ಮನೆಯ ಬಗ್ಗೆ ಬ್ರೋಕರ್ ಕೊಟ್ಟ ಮಾತು: ಒಣ ಗೋಡೆ. ಬಿಸಿಲು ಬೀಳುವ ಕೋಣೆ. ಸೋರದ ಛಾವಣಿ. ಹಾಕಿದ ಷರತ್ತು: ಮಲಗುವ ಕೋಣೆಯ ಬೀರು ಸರಿಸುವಂತಿಲ್ಲ. ಅಟ್ಟ ಹತ್ತುವಂತಿಲ್ಲ. ಪ್ರಶ್ನೆ ಜಾಸ್ತಿ ಕೇಳುವಂತಿಲ್ಲ.

ಆಸ್ಪತ್ರೆಯ ಲಾಂಡ್ರಿಯಲ್ಲಿ ಹದಿನೆಂಟು ವರ್ಷ ಒದ್ದೆ ಬಟ್ಟೆ ಹಿಂಡಿದವಳು ನಾನು. ಮುಗ್ಗಲು ವಾಸನೆ ಹೇಗಿರುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆ ಕೋಣೆಯಲ್ಲಿ ಹೊಸ ಬಣ್ಣದ ಘಾಟು. ಅದರಡಿ ಇನ್ನೇನೋ...

ಈಗಿರುವ ಬಾಡಿಗೆ ಮನೆಯ ಗೋಡೆ ಬೆವರಿ ಬೆವರಿಯೇ ಮಗಳಿಗೆ ಉಬ್ಬಸ ಹಿಡಿದದ್ದು. ಒಂದು ತೇವದಿಂದೆದ್ದು ಇನ್ನೊಂದು ತೇವಕ್ಕೆ ಬೀಳಲು ಮನೆ ಕೊಳ್ಳಬೇಕೇ?

ಮಾರ್ಚ್ ೫

ಸಾಲ ಕೊಡುವ ಮುಂಚೆ ಬ್ಯಾಂಕಿನವನು ಮನೆ ಪರೀಕ್ಷಿಸಿ ಹೋದನಂತೆ. ಏಳೇ ನಿಮಿಷ. ಇವರು ಕುಣಿಯುತ್ತ ಬಂದರು.

"ಸರ್ವೆ ಆಯ್ತು ಕಣೇ. ಪಾಸು!"

"ಯಾರಿಗೆ ಪಾಸು?"

"ಬ್ಯಾಂಕಿಗೆ."

"ಬ್ಯಾಂಕಲ್ಲೇನು ಮಗಳು ಮಲಗೋದು?"

ಮುಖ ಊದಿಸಿಕೊಂಡು ಸ್ನಾನಕ್ಕೆ ಹೋದರು. ಬ್ಯಾಂಕು ನೋಡುವುದು ತನ್ನ ದುಡ್ಡು ಮುಳುಗದಿರಲಿ ಎಂದು. ನಮ್ಮ ಉಸಿರು ಅದರ ಫಾರಂನಲ್ಲಿಲ್ಲ.

ಮಾರ್ಚ್ ೯, ಊಟದ ಬಿಡುವು

ನಮ್ಮದೇ ದುಡ್ಡಲ್ಲಿ ಮನೆ ಪರೀಕ್ಷೆ ಮಾಡಿಸೋಣವೆಂದು ಒಬ್ಬ ಎಂಜಿನಿಯರಮ್ಮನ ಆಫೀಸಿಗೆ ಹೋದೆ. ಸರ್ವೆ ಎರಡು ಬಗೆ— ಚಿಕ್ಕದು, ಪೂರ್ತಿಯದು. ಬ್ರೋಕರ್ ಫೋನಿನಲ್ಲಿ ಪೀಡಿಸಿದ: "ಚಿಕ್ಕದು ಸಾಕು ಮೇಡಂ. ಮನೆ ಗುಂಡುಕಲ್ಲು ಇದ್ದ ಹಾಗಿದೆ." ಕಾಲು ನೋಯುತ್ತಿತ್ತು. ಚಿಕ್ಕದಕ್ಕೇ ಟಿಕ್ ಹಾಕಿ ಬಂದೆ.

ಮಾರ್ಚ್ ೧೮

ಒಂಬತ್ತು ದಿನ ಡಬಲ್ ಶಿಫ್ಟ್. ಬರೆಯಲಾಗಲಿಲ್ಲ.

ವರದಿ ಬಂತು. "ಕಂಡಷ್ಟು ಭಾಗ ಚೆನ್ನಾಗಿದೆ." ಕೊನೆಯ ಪುಟದಲ್ಲಿ ಇರುವೆಯಂಥ ಅಕ್ಷರ: ಬೀರುವಿನ ಹಿಂದೆ ನೋಡಿಲ್ಲ. ಎಂಜಿನಿಯರಮ್ಮನಿಗೆ ಫೋನ್ ಮಾಡಿ ರೇಗಿದೆ.

"ಚಿಕ್ಕ ಸರ್ವೇಲಿ ಸಾಮಾನು ಮುಟ್ಟೋ ಹಾಗಿಲ್ಲಮ್ಮಾ. ಕಣ್ಣಿಗೆ ಬಿದ್ದಿದ್ದಷ್ಟೇ ಬರೀತೀವಿ. ಪೂರ್ತಿಯದು ಕೇಳಿದ್ರೆ ಬೀರು ಎಳೆಸಿ, ಗೋಡೆಗೆ ಮೀಟರ್ ಇಟ್ಟು ತೇವ ಅಳೀತಿದ್ದೆ. ಫಾರಂನಲ್ಲೇ ಇತ್ತಲ್ಲ, ಓದ್ಲಿಲ್ವಾ?"

ಓದಲಿಲ್ಲ. ಆಸ್ಪತ್ರೆ ಮುಷ್ಕರದಲ್ಲಿ, ಮ್ಯಾನೇಜ್‌ಮೆಂಟಿನ ಹಾಳೆಗೆ ಓದದೆ ಸಹಿ ಹಾಕಬೇಡಿ ಎಂದು ಗೇಟಿನ ಮುಂದೆ ಗಂಟಲು ಹರಿದುಕೊಂಡವಳು ನಾನೇ. ಥೂ.

ಮಾರ್ಚ್ ೨೦, ಸಂಜೆ ೫

ಬ್ರೋಕರ್‌ಗೆ ಫೋನ್ ಮಾಡಿ ಪೂರ್ತಿ ಸರ್ವೆ ಬೇಕೆಂದೆ. ಬ್ರೋಕರ್ ನಕ್ಕ. "ಇನ್ನೊಂದು ಪಾರ್ಟಿ ರೆಡಿ ಇದೆ ಮೇಡಂ. ನೀವು ಮನೆ ತಗೋತೀರೋ, ಬೀರು ತಗೋತೀರೋ?"

"ಬೀರು ಸರಿಸಿದ್ರೆ ಮನೆ. ಇಲ್ಲದಿದ್ರೆ ಎರಡೂ ನೀವೇ ಇಟ್ಕೊಳ್ಳಿ."

ಇವರು ಪಕ್ಕದಲ್ಲೇ ಇದ್ದರು. ನನ್ನನ್ನೇ ಗದರುತ್ತಾರೆ ಅಂದುಕೊಂಡೆ. ಒಳಗಿನಿಂದ ಮಗಳ ಕೆಮ್ಮು. ನಿಲ್ಲಲಿಲ್ಲ. ಇವರು ಫೋನ್ ಕಸಿದುಕೊಂಡರು.

"ರೀ, ಸರಿಸಲ್ಲ ಅಂದ್ರೆ ಹಿಂದೆ ಏನೋ ಇದೆ ಅಂತ ನೀವೇ ಬರೆದುಕೊಟ್ಟ ಹಾಗೆ!"

ಮದುವೆಯಾಗಿ ಹದಿನಾಲ್ಕು ವರ್ಷ. ಮೊದಲ ಸಲ ನನ್ನ ಕಡೆ ನಿಂತು ಘೋಷಣೆ ಕೂಗಿದರು.

ಮಾರ್ಚ್ ೨೩

ಮಾಲೀಕರು ಒಪ್ಪಿದರಂತೆ. ಬೀರು ಭಾರ, ಎತ್ತಲು ಜನ ಇಲ್ಲ ಎಂದು ಕೊಂಕು ಬೇರೆ. ಒದ್ದೆ ಹೊದಿಕೆಯ ಮೂಟೆ ಎತ್ತಿದ ಕೈಗಳಿವು, ನಾವೇ ಎತ್ತುತ್ತೇವೆ.

ಪೂರ್ತಿ ಸರ್ವೆಯ ಫಾರಂ ಮೂರು ಸಲ ಓದಿ ಟಿಕ್ ಹಾಕಿದೆ. ಗೋಡೆ ಒಣಗಿದ್ದರೆ ಸಹಿ. ಒದ್ದೆಯಿದ್ದರೆ ಮತ್ತೆ ಹುಡುಕಾಟ, ಮತ್ತೆ ಊರೆಲ್ಲ ಮೆಟ್ಟಿಲು ಹತ್ತುವುದು... ಸಾಕಾಗಿದೆ. ಆದರೂ ನೋಡದೆ ಬಿಡುವುದಿಲ್ಲ.

ಬರುವ ಗುರುವಾರ, ಬೆಳಿಗ್ಗೆ ಹತ್ತೂವರೆಗೆ ಎಲ್ಲರೂ ಸೇರುವುದು. ಎಂಜಿನಿಯರಮ್ಮ, ಮಾಲೀಕರು, ಬ್ರೋಕರ್. ಬೀರುವಿನ ಎಡಕ್ಕೆ ನಾನು, ಬಲಕ್ಕೆ ಇವರು ಕೈ ಕೊಡುವುದೆಂದು ನಿಶ್ಚಯ.