ಅಪ್ಪನ ಹೊಳೆ ಕಿತ್ತುಕೊಂಡವನಿಗೆ

ಗುಂಡ್ಲುಪೇಟೆ
೧೦-೭-೨೦೨೫

ಪ್ರೀತಿಯ ದಿಲೀಪ,

ಅಕ್ಕನ ಆಶೀರ್ವಾದಗಳು. ಕೊಯಮತ್ತೂರಿನ ಮೆಸ್ಸಿನ ಊಟ ಹೊಟ್ಟೆಗೆ ಒಗ್ಗಿತೇ? ಕೆಮ್ಮು ಹೋಯಿತೇ? ಅಮ್ಮ ಚೆನ್ನಾಗಿದ್ದಾಳೆ. ಕೇಳಬೇಕಾದ್ದನ್ನು ಕೇಳಿದೆನಲ್ಲ, ಇನ್ನು ಬೈಗುಳ ಶುರು. ಫೋನ್ ಮಾಡಿದರೆ ‘ಫ್ಯಾಕ್ಟ್ರಿಲಿವ್ನಿ ಕಣಕ್ಕ’ ಎನ್ನುತ್ತೀಯ. ವಾಟ್ಸಪ್‌ನಲ್ಲಿ ಬರೆದರೆ ಹೆಬ್ಬೆರಳು ತೋರಿಸಿ ಸುಮ್ಮನಾಗುತ್ತೀಯ. ಈ ಕಾಗದಕ್ಕೆ ಹೆಬ್ಬೆರಳು ತೋರಿಸು ನೋಡೋಣ.

ನೀನೂ ಬೇಗೂರಿನ ನಿನ್ನ ಗೆಳೆಯ ಬಸವಪ್ರಸಾದನೂ ಬಿಡುವಿನಲ್ಲಿ ಮಾಡುತ್ತಿರುವ ಆ ಫೋನಿನ ಯುದ್ಧದಾಟದಲ್ಲಿ ನಮ್ಮ ಉಮ್ಮತ್ತೂರು ರಾಜ್ಯಕ್ಕೆ ಏನು ಮಾಡಿಟ್ಟಿದ್ದೀಯ? ಪ್ರತಿ ರಾಜ್ಯಕ್ಕೂ ಅದರ ಚರಿತ್ರೆಗೆ ತಕ್ಕ ಒಂದು ಶಕ್ತಿ ಬೇಕು ಎಂದು, ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡುವ ನನ್ನನ್ನೇ ಕೇಳಿದ್ದೆ. ನಾನು ವಿಜಯನಗರಕ್ಕೆ ಕುದುರೆ ದಂಡು ಕೊಟ್ಟೆ. ಉಮ್ಮತ್ತೂರಿಗೆ ಶಿವನಸಮುದ್ರದ ನಡುಗಡ್ಡೆ ಕೋಟೆ ಕೊಟ್ಟೆ. ಹೊಳೆ ದಾಟುವ ಶತ್ರು ಒಂದು ಸರದಿ ಸುಮ್ಮನೆ ಕೂರಬೇಕು. ಆ ಸಣ್ಣ ರಾಜ್ಯಕ್ಕೆ ಇದ್ದ ಆಸರೆ ಅದೊಂದೇ. ನೀನು ಆ ಹೊಳೆಯನ್ನೇ ಎತ್ತಿಬಿಟ್ಟೆ! ಈಗ ಕುದುರೆಗಳು ಹೈವೇಯಲ್ಲಿ ಬಂದ ಹಾಗೆ ಬರುತ್ತವೆ. ಕೇಳಿದರೆ ‘ಉಮ್ಮತ್ತೂರು ಹತ್ತಾಟ್ದಲ್ಲಿ ಒಂಬತ್ತು ಗೆಲ್ತದೆ ಕಣಕ್ಕ, ಬ್ಯಾಲೆನ್ಸ್ ಮಾಡ್ಬುಟ್ಟೆ’ ಅಂದೆ. ಗೆಲ್ಲದೆ ಇನ್ನೇನು? ಉಮ್ಮತ್ತೂರು ಹಿಡಿದು ಆಡುತ್ತಿದ್ದವರು ಯಾರು ಹೇಳು? ಅಪ್ಪ!

ಲಕ್ವ ಹೊಡೆದು ಅಪ್ಪನ ಬಲಗೈ ಬಿದ್ದುಹೋದಾಗ ಚಾಮರಾಜನಗರದ ಡಾಕ್ಟರು ಬೆರಳಿಗೂ ತಲೆಗೂ ಕೆಲಸ ಕೊಡಿ ಅಂದರು. ಕೈಗೆ ಈ ಆಟ ಕೊಟ್ಟವನು ನೀನು. ಹುಟ್ಟಿದೂರು ಅಂತ ಅಪ್ಪ ಉಮ್ಮತ್ತೂರು ಬಿಟ್ಟು ಬೇರೆ ರಾಜ್ಯ ಮುಟ್ಟಲಿಲ್ಲ. ‘ಅಪ್ಪನ್ನ ಗೆಲ್ಲುಸ್ಬುಡಿ, ಉಸಾರಾಯ್ತರೆ’ ಎಂದು ನನಗೂ ಅಮ್ಮನಿಗೂ ಬಸವಪ್ರಸಾದನಿಗೂ ಹೇಳಿಕೊಟ್ಟವನೂ ನೀನೇ. ನಾವು ಸೋತೆವು. ಅಪ್ಪ ಗೆದ್ದರು, ಹೊಟ್ಟೆ ತುಂಬ ಉಂಡರು, ಗೋಡೆ ಹಿಡಿಯದೆ ಜಗಲಿಯವರೆಗೆ ನಡೆದರು. ಆ ಆಟಗಳ ಸೋಲು ಗೆಲುವಿನ ಲೆಕ್ಕವೆಲ್ಲ ನಿನ್ನ ಕಂಪ್ಯೂಟರಿಗೆ ಬಂದು ಸೇರುತ್ತಿದೆ ಎಂಬುದು ನಿನ್ನ ತಲೆಗೆ ಹೋಗಲಿಲ್ಲವೇ? ನಾವು ಅಪ್ಪನಿಗೆ ಕೊಟ್ಟ ಮರ್ಯಾದೆಯನ್ನು ಉಮ್ಮತ್ತೂರಿನ ಬಲ ಅಂದುಕೊಂಡೆಯಲ್ಲೋ, ಮಂಕೇ!

ಈಗ ಅಪ್ಪನಿಗೆ ಬರೀ ಸೋಲು. ನಿನ್ನೆ ನಾನು ವಿಜಯನಗರ ಹಿಡಿದು ಸೋಲಲು ಪಟ್ಟ ಪಾಡು ಅಷ್ಟಿಷ್ಟಲ್ಲ. ಅರ್ಧ ಕುದುರೆಗಳನ್ನು ಬೇಕೆಂದೇ ಕಾಡಿಗೆ ಓಡಿಸಿದೆ, ದಂಡಿಗೆ ಕೂಳು ಕಳಿಸಲಿಲ್ಲ, ಆದರೂ ಗೆದ್ದುಬಿಟ್ಟೆ! ಅಪ್ಪ ಫೋನನ್ನು ದಿಂಬಿನ ಕೆಳಗೆ ತುರುಕಿ ‘ತಲೆ ಓಯ್ತು ಕಣಮ್ಮಿ ನಂದು’ ಎಂದು ಗೋಡೆ ಕಡೆ ತಿರುಗಿ ಮಲಗಿದರು. ಊಟಕ್ಕೂ ಏಳಲಿಲ್ಲ. ನೀನು ಎದುರಿಗಿದ್ದಿದ್ದರೆ ಕಿವಿ ಹಿಂಡಿ ಅಲ್ಲೇ ಆ ಹೊಳೆಯನ್ನು ಹರಿಸುತ್ತಿದ್ದೆ. ನನಗೆ ಅಷ್ಟು ಸಿಟ್ಟು ಬಂದಿದೆ, ಅಷ್ಟೇ ಅಳುವೂ ಬಂದಿದೆ.

ಅಮ್ಮ ನಿನ್ನನ್ನು ಕೇಳಿದಳೆಂದು ಬರೆಯಲು ಹೇಳಿದ್ದಾಳೆ. ಬಸವಪ್ರಸಾದನಿಗೆ ಬೇಗೂರಿಗೇ ಹೋಗಿ ಬೈದು ಬಂದಿದ್ದೇನೆ. ಹೊತ್ತಿಗೆ ಸರಿಯಾಗಿ ಉಣ್ಣು, ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ಬೈದರೂ ನಿನ್ನವಳೇ ಆದ,
ಅಕ್ಕ ಶಿವರಂಜನಿ

ತಾ.ಕ.: ಕಾಗದ ಮಡಿಸುತ್ತಿದ್ದೆ, ಅಪ್ಪ ಬಂದು ಪಕ್ಕದಲ್ಲಿ ಕೂತರು. ‘ಕುದ್ರೆಗಳ್ನ ಯಾಕಮ್ಮಿ ಕಾಡ್ಗೆ ಓಡುಸ್ದೆ? ಇಷ್ಟ್ ದಿನಾನೂ ನೀವೇ ಬುಟ್ಕೊಡ್ತಿದ್ರಾ?’ ಎಂದರು. ಸುಳ್ಳು ಹೇಳಲು ಬಾಯಿ ಬರಲಿಲ್ಲ, ಹೌದೆಂದೆ ಕಣೋ. ಇದನ್ನು ಹೇಳಿದ ಹಾಗೆಯೇ ಬರೆ ಎಂದರು: ‘ಹೊಳೆ ಇದ್ದಲ್ಗೇ ಇಕ್ಬುಟ್ಟು ದಿಲೀಪ ಬಾನ್ವಾರ ಬರ್ಲಿ. ನನ್ನೆದ್ರುಗ್ ಕೂತ್ಕಂಡು ಆಡ್ಲಿ. ಬುಟ್ಕೊಡೋದು ಬ್ಯಾಡ. ಸೋತ್ರೆ ಸೋಲ್ತೀನಿ.’