ಹದಿನಾಲ್ಕನೇ ತಾಕಿನ ದಿಮ್ಮಿಗಳು

ಭೂಕಚೇರಿಯ ಮುಖ್ಯಾಧಿಕಾರಿಗಳೇ,

ನಮ್ಮ ಟೌನ್‌ಶಿಪ್ಪಿನ ರೈತ ಯೂವನ್ ಮೆಕಾರ್ಕಡೇಲ್ ಮೀಸಲು ತಾಕಿನ ಮರಗಳನ್ನು ಕದ್ದನೆಂದೂ, ಅವನ್ನು ಒಪ್ಪಿಸದಿದ್ದರೆ ಅವನ ಜಮೀನು ಹೋಗುವುದೆಂದೂ ತಾವು ನೋಟೀಸು ಕಳುಹಿಸಿದ್ದೀರಿ. ಕದ್ದ ಮಾಲು ಎಲ್ಲಿದೆಯೆಂದು ವಿಚಾರಿಸುವ ಶ್ರಮವನ್ನು ತಾವು ತೆಗೆದುಕೊಳ್ಳದ ಕಾರಣ ನಾನೇ ತಿಳಿಸುತ್ತೇನೆ: ಅದು ಹದಿನಾಲ್ಕನೇ ತಾಕಿನ ಜೌಗಿನ ಮೇಲೆ ಅಡ್ಡಡ್ಡ ಮಲಗಿದೆ. ಅದರ ಮೇಲೆ ಜನ ನಡೆಯುತ್ತಿದ್ದಾರೆ.

ಕಾಡನ್ನು ಅಳೆದು, ತಾಕುಗಳಾಗಿ ವಿಂಗಡಿಸಿ, ಈ ಟೌನ್‌ಶಿಪ್ಪನ್ನು ಗುರುತಿಸಿದವನು ನಾನು. ತಮ್ಮ ಆದೇಶದಂತೆ ದಾರಿಯ ಗೆರೆಯನ್ನು ಜೌಗಿನ ಮೇಲೂ ನೇರವಾಗಿಯೇ ಎಳೆದೆ. ಪ್ರತಿ ಏಳನೆಯ ತಾಕನ್ನು ಪಾದ್ರಿಗಳ ಪೋಷಣೆಗೆಂದು ಮೀಸಲಿಟ್ಟೆ; ಹದಿನಾಲ್ಕನೆಯದೂ ಅಂಥದ್ದೇ. ತನ್ನ ತಾಕಿನ ಮುಂದಿನ ದಾರಿಯನ್ನು ಒಕ್ಕಲು ತಾನೇ ಕಡಿದು ತೆರೆಯದಿದ್ದರೆ ಹಕ್ಕುಪತ್ರವಿಲ್ಲ ಎಂಬುದು ತಮ್ಮದೇ ನಿಯಮ. ಮೀಸಲು ತಾಕಿಗೆ ಒಕ್ಕಲೇ ಇಲ್ಲ. ಅಲ್ಲಿ ಕೊಡಲಿ ಹಿಡಿಯಬೇಕಾದವರು ಯಾರು? ಪಾದ್ರಿಗಳೇ? ಇಲ್ಲಿಗೆ ಇನ್ನೂ ಒಬ್ಬ ಪಾದ್ರಿಯೂ ಬಂದಿಲ್ಲ.

ಕಳೆದ ಏಪ್ರಿಲ್‌ನಲ್ಲಿ, ಹಿಮ ಕರಗುತ್ತಿದ್ದಾಗ, ಯೂವನ್‌ನ ಹೆಂಡತಿ ಎಫೀಗೆ ಹೆರಿಗೆನೋವು ಬಂತು. ಸೂಲಗಿತ್ತಿ ಜಾನೆಟ್ ಲೆಕ್ಕಿಯ ಮನೆ ಮೀಸಲು ತಾಕಿನ ಆಚೆ. ಆಕೆಯನ್ನು ಕರೆತರಲು ಹೋದವನು ನಾನು. ಬರುವಾಗ ಜೌಗಿನಲ್ಲಿ ನಾನು ಮೊಣಕಾಲವರೆಗೆ, ಆಕೆ ಸೊಂಟದವರೆಗೆ ಹೂತುಹೋದೆವು.

"ಅಲ್ರೀ ಅಳತೆಯವರೇ, ಯಾರದ್ರೀ ಈ ಕಾಡು?"

"ದೇವರ ಸೇವೆಗೆ ಬಿಟ್ಟಿದ್ದು, ಜಾನೆಟಮ್ಮ."

"ದೇವ್ರು ಇಷ್ಟು ಕೆಸರು ಇಟ್ಕೊಂಡು ಏನ್ ಮಾಡ್ತಾನೆ? ಎಳೀರಿ ಮೊದ್ಲು, ನಕ್ಷೆ ಆಮೇಲೆ ತೋರಿಸೋರಂತೆ!"

ನಾವು ತಲುಪಿದಾಗ ಎಫೀ ಬದುಕಿದ್ದಳು. ಮಗು ಬದುಕಿರಲಿಲ್ಲ.

ಜೂನ್‌ನಲ್ಲಿ ಎಲ್ಲರೂ ಕೂಲಿಯಿಲ್ಲದೆ ಒಬ್ಬರಿಗೊಬ್ಬರು ದುಡಿಯುವ ಮುಯ್ಯಾಳು ಸೇರಿ ಎತ್ತು, ಕೊಡಲಿ, ವಿಸ್ಕಿ ಸಮೇತ ಬಂದು, ಸೀಡರ್ ಮರಗಳನ್ನು ಕಡಿದು, ದಿಮ್ಮಿಗಳನ್ನು ಜೌಗಿಗೆ ಅಡ್ಡಡ್ಡ ಹಾಸಿ ದಾರಿ ಮಾಡಿದರು. ಮುಯ್ಯಾಳಿಗೆ ಒಬ್ಬ ಯಜಮಾನ ಇರಲೇಬೇಕು, ಊಟ ಅವನದು: ಇದು ಇಲ್ಲಿಯ ವಾಡಿಕೆ. ದಾರಿ ಯಾರದೂ ಅಲ್ಲವಾದ್ದರಿಂದ ಯೂವನ್ ಮುಂದೆ ಬಂದ. "ನನ್ನ ಹೆಸರಲ್ಲೇ ಇರ್ಲಿ ಬಿಡ್ರೋ. ಹಂದಿ ನಾನ್ ಕಡೀತೀನಿ." ತಮ್ಮ ತನಿಖೆಯವರು ಬಂದು "ಯಾರ ಕೆಲಸವಿದು?" ಎಂದಾಗ ಊರಿಗೆ ಊರೇ ಹೆಮ್ಮೆಯಿಂದ "ಯೂವನ್ದು!" ಎಂದಿತು. ಅವನನ್ನು ಹೊಗಳುತ್ತಿದ್ದೇವೆಂದೇ ನಾವು ತಿಳಿದಿದ್ದೆವು.

ಮರ ಕಡಿಯದವನಿಗೂ ಜಮೀನಿಲ್ಲ, ಕಡಿದವನಿಗೂ ಇಲ್ಲ ಎಂದಾದರೆ, ಈ ಟೌನ್‌ಶಿಪ್ಪನ್ನು ಸ್ಥಾಪಿಸಿದ್ದು ಯಾರ ವಾಸಕ್ಕೆ?

ನೋಟೀಸನ್ನು ಹಿಂಪಡೆಯಿರಿ, ಆ ದಾರಿಯನ್ನು ದಾರಿಯೆಂದು ಒಪ್ಪಿಕೊಳ್ಳಿ. ಬರುವ ಮಾರ್ಚಿಗೆ ಎಫೀಗೆ ಮತ್ತೆ ದಿನ ತುಂಬುತ್ತದೆ. ದಿಮ್ಮಿಗಳನ್ನು ಎತ್ತಿಸಲೇಬೇಕೆಂದಿದ್ದರೆ, ಆಗ ಜಾನೆಟಮ್ಮನನ್ನು ಹೊತ್ತು ತರಲು ತಮ್ಮ ಕಚೇರಿಯಿಂದ ಯಾರನ್ನಾದರೂ ಕಳುಹಿಸಿ.

ಮೊಕದ್ದಮೆಯೇ ಆಗಬೇಕೆಂದರೆ, ನೋಟೀಸಿನಲ್ಲಿ ಒಂದು ಲೋಪವಿದೆ. ಮೊದಲು ಉರುಳಿದ ಮರ ತಮ್ಮ ಗಡಿಗುರುತಿನ ಮರ. ಅದರ ಮೇಲೆ ಗುರುತು ಕೆತ್ತಿದವನೂ ನಾನೇ, ಉರುಳಿಸಿದವನೂ ನಾನೇ. ನನ್ನ ಹೆಸರನ್ನು ಯೂವನ್‌ನ ಹೆಸರಿಗಿಂತ ಮೇಲೆ ಬರೆಯತಕ್ಕದ್ದು.

ಇಂತಿ,
ತಮಗಾಗಿ ನೇರ ಗೆರೆ ಎಳೆದು, ಅದೇ ಗೆರೆಯ ಮೇಲೆ ಹೂತುಹೋದವನು,
ಹ್ಯೂ ಟೆನಂಟ್, ಭೂಮಾಪಕ
ಕಿಲ್ಬ್ರೆನನ್ ಟೌನ್‌ಶಿಪ್, ಕೆನಡಾ, ಸೆಪ್ಟೆಂಬರ್ ೧೮೩೪