ಪೆಟ್ಟಿಗೆಯೊಳಗಿನ ಅಕ್ಷತೆ

ಪುಣೆ, ಶನಿವಾರ ಪೇಠ
ಶೀಗಿ ಹುಣ್ಣಿಮೆ, 1946

ಪೂಜ್ಯ ಅಣ್ಣಾ,

ಮತ್ತು ಅಣ್ಣನ ಸುತ್ತ ನೆರೆದ ಮಹಾಜನರೇ! ಧಾರವಾಡದ ಮನೆಗೆ ಯಾರ ಪತ್ರ ಬಂದರೂ ಅಣ್ಣ ಪಡಸಾಲೆಯಲ್ಲಿ ನಿಂತು ಓಣಿಗೆಲ್ಲ ಕೇಳುವಂತೆ ಓದುತ್ತಾನೆಂಬುದು ನನಗೆ ಗೊತ್ತು. ಆದ್ದರಿಂದ ವೈನಿಯವರೇ, ಮಕ್ಕಳೇ, ಎಲೆ ಅಡಿಕೆಗೆಂದು ಬಂದು ಕೂತ ನೆರೆಯವರೇ, ಬಾಗಿಲ ಮರೆಯಲ್ಲಿ ಕಸಬರಿಗೆ ಹಿಡಿದು ನಿಂತ ರಂಗೂಬಾಯಿಯೇ, ಎಲ್ಲರೂ ಮುಂದೆ ಬನ್ನಿ, ಸರಿದು ಜಾಗ ಮಾಡಿಕೊಳ್ಳಿ. ಅಣ್ಣಾ, ಇವತ್ತು ಒಂದು ಸಾಲನ್ನೂ ನುಂಗಬೇಡ. ಕೆಮ್ಮು ಬಂತೆಂದು ನೆಪ ಹೇಳಿ ಹಾಳೆ ಮಡಚಬೇಡ.

ಮೊದಲು ಕ್ಷೇಮ ಸಮಾಚಾರ. ನಿನ್ನ ಮೊಣಕಾಲಿನ ನೋವು ಹೇಗಿದೆ? ಇಲ್ಲಿಂದ ಹೋಗುವಾಗ ಗಾಡಿಯ ಮೆಟ್ಟಿಲು ಹತ್ತಲು ಭಾಳ ಕಷ್ಟಪಟ್ಟೆ. ಔಡಲೆಣ್ಣೆ ಕಾಯಿಸಿ ತಿಕ್ಕಿಸಿಕೋ. ವೈನಿಯ ಉಬ್ಬಸ ತಗ್ಗಿತೇ? ನಾವೆಲ್ಲ ದೇಹದಿಂದ ಸುಖವಾಗಿದ್ದೇವೆ. ಮನಸ್ಸಿನ ಸುಖವನ್ನು ನಿನ್ನೆ ಅಂಚೆಯವನು ಕೊಟ್ಟ ನಿನ್ನ ಪತ್ರ ತೆಗೆದುಕೊಂಡು ಹೋಯಿತು.

ಏನು ಬರೆದಿದ್ದೀಯ ಅಣ್ಣಾ! ‘ಮಾರ್ತಾಂಡಾ, ದೇವರು ಬಾಯಿಬಿಟ್ಟು ಬ್ಯಾಡ ಅಂತ ಹೇಳ್ಯಾನ. ಇನ್ನರೆ ಆ ಪೆಟ್ಟಿಗಿ ಅಟ್ಟಕ್ಕ ಹಾಕು. ಬೆಳಗಾವಿ ವಕೀಲರಿಗೆ ನಾ ಹೂಂ ಅಂದೀನಿ. ಮಗನ್ನ ಕರಕೊಂಡು ಇಂದೂನ್ನ ನೋಡ್ಲಿಕ್ಕೆ ಬರತಾರ. ಹುಡುಗಿ ಇನ್ನ ತಂತಿ-ಗಿಂತಿ ಮುಟ್ಟಬಾರದು ಅಂತ ಅವರದೊಂದೇ ಮಾತು.’ ಇದನ್ನೋದಿ ನಾನು ಹಾಕಿದ ಒಂದು ಕೂಗಿಗೆ ಎದುರು ಮನೆಯ ರಾಧಾಬಾಯಿ ತೊಳೆಯುತ್ತಿದ್ದ ತಂಬಿಗೆಯನ್ನು ಕೈಬಿಟ್ಟಳು. ಇಷ್ಟು ವರ್ಷ ರಂಗದ ಮೇಲೆ ರಾಕ್ಷಸರ ಪಾರ್ಟು ಮಾಡಿದವನು ನಾನು. ಬಣ್ಣ ಬಳಿಯದೆ ಅಷ್ಟು ಸಿಟ್ಟು ಎಂದೂ ಬಂದಿರಲಿಲ್ಲ.

ನೆರೆದವರಿಗೆ ಆ ಪೆಟ್ಟಿಗೆ ಏನೆಂದು ತಿಳಿಯದು. ಅಣ್ಣ ಅದನ್ನು ಹುಡುಗಿಯ ಆಟಿಕೆ ಎಂದೇ ವರ್ಣಿಸಿರುತ್ತಾನೆ. ನನ್ನ ಮಗಳು ಇಂದೂ ಕಾಲೇಜಿನಲ್ಲಿ ವಿಜ್ಞಾನ ಓದಿದವಳು. ಯುದ್ಧ ಮುಗಿದ ಮೇಲೆ ದಂಡಿನ ಮುರುಕು ಸಾಮಾನು ಇಲ್ಲಿನ ಜುನಾ ಬಾಜಾರಿನಲ್ಲಿ ರಾಶಿ ಬಿತ್ತು. ಅದರೊಳಗಿಂದ ಗಾಜಿನ ಬುರುಡೆಯ ಒಂದು ರೇಡಿಯೋ ವಾಲ್ವು, ಒಂದಿಷ್ಟು ತಂತಿ, ಅಲ್ಯುಮಿನಿಯಮ್ಮಿನ ತೆಳು ಎಲೆಗಳು ಒಂದರ ನಡುವೆ ಒಂದು ತೂರುವ ಕಂಡೆನ್ಸರು, ಇಷ್ಟನ್ನು ಆರಿಸಿ ತಂದು ತಾನೇ ಜೋಡಿಸಿದಳು. ಆ ಎಲೆಗಳು ಒಂದನ್ನೊಂದು ಮುಟ್ಟಬಾರದು; ನಡುವಿನ ಗಾಳಿಯೇ ಅವುಗಳ ಜೀವ. ಗುಂಡಿ ತಿರುಗಿಸಿದರೆ ಎಲೆಗಳು ಸರಿಯುತ್ತವೆ, ಪೆಟ್ಟಿಗೆಯಿಂದ ಸಣ್ಣದೊಂದು ತರಂಗ ಹೊರಡುತ್ತದೆ, ನಮ್ಮ ಕೋಣೆಯನ್ನೂ ದಾಟದಷ್ಟು ಸಣ್ಣದು. ಆದರೆ ಆ ತರಂಗ ಖರೇ ಎಷ್ಟರದು ಎಂದು ಹೇಳುವವರು ಯಾರು? ಮುಂಬಯಿ! ಮುಂಬಯಿಯ ರೇಡಿಯೋ ಕೇಂದ್ರ ತನ್ನ ತರಂಗವನ್ನು ಗೊತ್ತುಮಾಡಿದ ಸಂಖ್ಯೆಯಿಂದ ಕದಲಗೊಡುವುದಿಲ್ಲ. ರೇಡಿಯೋದಲ್ಲಿ ಮುಂಬಯಿ ಹಾಡುತ್ತಿರುವಾಗ ಇಂದೂ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ಗುಂಡಿ ತಿರುಗಿಸುತ್ತಾಳೆ. ಎರಡು ತರಂಗಗಳು ಹತ್ತಿರ ಬಂದಾಗ ಹಾಡಿನ ಮೇಲೆ ಒಂದು ಸೀಟಿ ಏಳುತ್ತದೆ. ಇನ್ನೂ ಹತ್ತಿರವಾದರೆ ಸೀಟಿ ಇಳಿಯುತ್ತ, ಗುರುಗುಟ್ಟುತ್ತ, ಕೊನೆಗೆ ಅಡಗುತ್ತದೆ. ಅಡಗಿದ ಕಡೆ ಎರಡೂ ಒಂದೇ. ಗುಂಡಿಯ ಪಕ್ಕ ಅಲ್ಲಿಗೊಂದು ಗೆರೆ ಎಳೆಯುತ್ತಾಳೆ. ತಂಬೂರಿಯ ಎರಡು ತಂತಿ ಕೂಡುವ ಮುನ್ನ ದನಿ ಅಲೆಅಲೆಯಾಗಿ ನಡುಗುವುದಿಲ್ಲವೇ, ಕೂಡಿದೊಡನೆ ಶಾಂತವಾಗುವುದಿಲ್ಲವೇ, ಹಾಗೆಯೇ! ಷಡ್ಜ ಮೀಟಿದರೆ ಗಾಂಧಾರ ತಾನಾಗಿ ಕೇಳುವಂತೆ ಆ ಒಂದು ತರಂಗದ ಬೆನ್ನಿಗೆ ಅದರ ಎರಡರಷ್ಟು, ಮೂರರಷ್ಟು ತರಂಗಗಳೂ ಹೊರಡುತ್ತವೆ. ಮುಂಬಯಿಯ ಒಂದು ಆಸರೆ ಹಿಡಿದು ಯಾವ ರೇಡಿಯೋದ ಕೇಂದ್ರ ತೋರಿಸುವ ಮುಳ್ಳನ್ನಾದರೂ ಈ ತುದಿಯಿಂದ ಆ ತುದಿಯವರೆಗೆ ಸರಿಮಾಡಬಹುದು. ಲಕ್ಷ್ಮೀ ರೋಡಿನ ರೇಡಿಯೋ ಅಂಗಡಿಯ ಮೋಹನದಾಸ್ ಮುಳ್ಳು ತಪ್ಪಿದ ರೇಡಿಯೋಗಳನ್ನು ನಮ್ಮ ಮನೆಗೇ ಕಳಿಸುತ್ತಿದ್ದ. ದಸರೆ ಮುಗಿದ ಮೇಲೆ ಅಂಗಡಿಯಲ್ಲಿಯೇ ಅವಳಿಗೊಂದು ಮೇಜು ಕೊಡುತ್ತೇನೆ, ಕಾಯಂ ಕೆಲಸ ಎಂದು ಮಾತು ಕೊಟ್ಟಿದ್ದ. ಆ ಮೇಜಿನ ಮೇಲೆ ಯಾವ ಸಾಮಾನು ಎಲ್ಲಿಡಬೇಕೆಂದು ಹುಡುಗಿ ಊಟದ ತಾಟಿನಲ್ಲಿ ಬೆರಳಿನಿಂದ ನಕಾಶೆ ಬರೆಯುತ್ತಿದ್ದಳು ಅಣ್ಣಾ!

ಆಗ ಹಬ್ಬಕ್ಕೆಂದು ಬಂದು ರಂಗಪ್ರವೇಶ ಮಾಡಿದವನು ನೀನು. ಖಂಡೇನವಮಿಯ ದಿನ ಆಯುಧಗಳಿಗೆ ಪೂಜೆ. ನನ್ನ ನಾಟಕದ ಕತ್ತಿ, ನನ್ನ ಹೆಂಡತಿ ಗೋದಾಳ ಈಳಿಗೆಮಣೆ, ಇಂದೂನ ಪೆಟ್ಟಿಗೆ, ಎಲ್ಲವನ್ನೂ ದೇವರ ಮುಂದೆ ಸಾಲಾಗಿ ಇಟ್ಟೆವು. ಪೆಟ್ಟಿಗೆಯ ಮುಚ್ಚಳಕ್ಕೆ ಕುಂಕುಮವಿಟ್ಟಿದ್ದರೆ ಸಾಕಿತ್ತು. ‘ಮುಚ್ಚಳಕ್ಕ ಪೂಜಿ ಮಾಡಿದ್ರ ಏನು ಬಂತೋ? ಕೆಲಸಾ ಮಾಡೋದು ಒಳಗಿಂದು’ ಎಂದು ನನ್ನೆದುರು ಗೊಣಗಿ, ಆಮೇಲೆ ನಾವಾರೂ ಇಲ್ಲದಾಗ ಮುಚ್ಚಳ ತೆಗೆದು, ಆ ಎಲೆಗಳಿಗೆಲ್ಲ ಗಂಧ ಹಚ್ಚಿ, ಮೇಲಿಂದ ಅಕ್ಷತೆ ಸುರಿದೆ. ಅಷ್ಟಕ್ಕೇ ಮುಗಿಯಲಿಲ್ಲ. ಪೂಜೆಗಿಟ್ಟ ಆಯುಧವನ್ನು ದಶಮಿಯ ದಿನ ವಿಜಯ ಮುಹೂರ್ತಕ್ಕೇ ಎತ್ತಬೇಕು, ಅದಕ್ಕೂ ಮುಂಚೆ ಮುಟ್ಟಿದರೆ ಮನೆಗೆ ಕೇಡು ಎಂದು ಕಾವಲು ಕೂತೆ. ಮುಹೂರ್ತ ಬಂದದ್ದು ಇಳಿಹೊತ್ತಿನಲ್ಲಿ. ಆ ಹೊತ್ತಿಗೆ ಮುಂಬಯಿ ಕೇಂದ್ರ ಮಧ್ಯಾಹ್ನದ ಕಾರ್ಯಕ್ರಮ ಮುಗಿಸಿ ಮಲಗಿರುತ್ತದೆ! ಹಬ್ಬದ ಗಿರಾಕಿಗಳಿಗೆಂದು ಎರಡು ರೇಡಿಯೋ ಸಂಜೆಯೊಳಗೆ ಕೊಡಬೇಕು. ಒರೆಗೆ ಹಚ್ಚಲು ಮುಂಬಯಿ ಇಲ್ಲದೆ, ಹಳೆಯ ಗೆರೆಗಳನ್ನು ನಂಬಿ ಹುಡುಗಿ ಕೆಲಸ ಮಾಡಿದಳು. ಗಂಧ ಮೆತ್ತಿ ಅಕ್ಕಿ ಸಿಕ್ಕಿಕೊಂಡ ಪೆಟ್ಟಿಗೆಯಲ್ಲಿ ಆ ಗೆರೆಗಳೆಲ್ಲ ಸುಳ್ಳಾಗಿದ್ದವೆಂದು ಅವಳಿಗೆ ಹೇಗೆ ತಿಳಿಯಬೇಕು?

ಸಂಜೆ ಅಂಗಡಿ ತುಂಬ ಜನ. ಮೋಹನದಾಸ್ ಹೊಸ ಗಿರಾಕಿಯ ಮುಂದೆ ಠೀವಿಯಿಂದ ಮುಳ್ಳನ್ನು ಮುಂಬಯಿಗೆ ತಂದ. ಬುಸ್ಸೆಂಬ ಸದ್ದು ಬಿಟ್ಟರೆ ಮತ್ತೇನೂ ಇಲ್ಲ. ಎರಡನೆಯದೂ ಹಾಗೆಯೇ. ‘ಕಾಯ ಹೋ ನಾಟಕವಾಲೆ, ನಿಮ್ಮ ಹುಡುಗಿಯ ಮುಂಬಯಿ ಸಮುದ್ರದಾಗ ಮುಳುಗಿತೇನು?’ ಎಂದು ತನ್ನ ಮರಾಠಿಯಲ್ಲಿ ಅವನು ಕೇಳಿದಾಗ ಅಂಗಡಿಗೆ ಅಂಗಡಿಯೇ ನಕ್ಕಿತು. ಇಂದೂ ಅಲ್ಲಿಯೇ ನಿಂತಿದ್ದಳು. ನೀನೂ ನಿಂತಿದ್ದೆ. ನೀನು ಏನೆಂದೆ ನೆನಪಿದೆಯೇ? ‘ಮನೀಗೆ ನಡೀ ಇಂದೂ, ಅಡಿಗಿ ತಡಾ ಆಗತದ’ ಎಂದೆ.

ಮರುದಿನ ನಿನ್ನನ್ನು ಗಾಡಿ ಹತ್ತಿಸಿ ಬಂದ ಮೇಲೆ ಇಂದೂ ಕಿಟಕಿಯ ಬೆಳಕಿಗೆ ಪೆಟ್ಟಿಗೆ ತೆರೆದಳು. ಎಲೆಗಳ ಸಂದಿಯಲ್ಲಿ ಅರಿಸಿನ ಬಣ್ಣದ ಒಂದು ಅಕ್ಕಿಕಾಳು! ಗುಂಡಿ ತಿರುಗಿಸಿದಾಗ ಅದು ಒಂದು ಎಲೆಯನ್ನೇ ಬಗ್ಗಿಸಿತ್ತು. ಗೋದಾ ಇಣುಕಿ ನೋಡಿ, ‘ನಿಮ್ಮಣ್ಣಾವ್ರು ಪೆಟ್ಟಿಗಿಗೆ ಹಸಿವ್ಯಾಗೇದ ಅಂತ ಉಣಿಸ್ಯಾರ ನೋಡ್ರಿ’ ಎಂದಳು. ನಾನು ಕಿರುಚಾಡುತ್ತಿದ್ದೆ. ಇಂದೂ ಮಾತ್ರ ಕಾಳನ್ನು ಚಿಮ್ಮಟದಿಂದ ತೆಗೆದು, ‘ಇರಲಿ ಅಪ್ಪಾ. ಮುಂಬಯಿ ಎಲ್ಲಿಗೂ ಹೋಗಿಲ್ಲ, ಜಾಗಾ ಬಿಟ್ಟು ಸರದವರು ನಾವು’ ಎಂದು ಎಲೆ ನೆಟ್ಟಗೆ ಮಾಡಲು ಕೂತಳು. ಗಂಧ ಒರೆಸಿ, ಹಳೆಯ ಗೆರೆಗಳನ್ನೆಲ್ಲ ಅಳಿಸಿ, ಮುಂಬಯಿ ಮಾತಾಡಿದಾಗಲೆಲ್ಲ ಕಿವಿಗೊಟ್ಟು, ಒಂದೊಂದೇ ಗೆರೆಯನ್ನು ಮತ್ತೆ ಎಳೆದಿದ್ದಾಳೆ. ನಾನು ಹೋಗಿ ಮೋಹನದಾಸ್‌ನ ಮುಂದೆ ನಿಂತೆ. ಗಿರಾಕಿಗಳೆದುರೇ ಒಂದು ರೇಡಿಯೋ ಸರಿಮಾಡಿ ತೋರಿಸಲಿ, ತಪ್ಪಿದರೆ ಮೇಜು ಬೇರೆಯವನಿಗೆ ಎಂದಿದ್ದಾನೆ. ಒಂದೇ ಒಂದು ಸಲ.

ಈಗ ನನ್ನ ಸಿಟ್ಟು ಯಾವುದಕ್ಕೆಂದು ಕೇಳು, ಜೋರಾಗಿ ಓದು! ಅಕ್ಷತೆ ಹಾಕಿದ್ದಕ್ಕಲ್ಲ. ಅದು ನಿನ್ನ ಭಕ್ತಿ. ಒಂದು ದಿನ ಬೈದು ಮರೆಯುತ್ತಿದ್ದೆ. ಕಾಳು ಸಿಕ್ಕ ಸಂಗತಿಯನ್ನು ಗೋದಾ ನಿನಗೆ ಕೂಡಲೇ ಬರೆದಳು. ‘ತಪ್ಪಾತು, ಇಂದೂ’ ಎಂದು ಒಂದು ಸಾಲು ಬರೆಯುತ್ತೀಯೆಂದು ಕಾದೆವು. ನೀನೋ, ‘ಆ ಅಕ್ಷತಿ ನನ್ನ ಕೈಲೆ ಹಾಕಿಸಿದವನೂ ಅವನೇ’ ಎಂದು ಬರೆದೆ! ನಿನ್ನ ಬೆರಳಿನಿಂದ ಬಿದ್ದ ಅಕ್ಕಿಯನ್ನು ದೇವರ ತೀರ್ಪು ಮಾಡಿ, ಅದರ ಮೇಲೆ ಹುಡುಗಿಯ ಲಗ್ನ ನಿಶ್ಚಯಿಸಿ, ನಮ್ಮನ್ನೊಂದು ಮಾತು ಕೇಳದೆ ವಕೀಲರಿಗೆ ಹೂಂ ಅಂದೆ! ಯಾವ ಅಧಿಕಾರದಿಂದ? ದೇವರ ಪಾರ್ಟನ್ನು ನಿನಗೆ ಕೊಟ್ಟವರು ಯಾರು? ಕಂಪನಿಯಲ್ಲಿ ಆ ಪಾರ್ಟು ಮಾಡುವವನು ಕೂಡ ಮಾತನ್ನು ಬಾಯಿಪಾಠ ಮಾಡಿ ಬರುತ್ತಾನೆ, ರಂಗದ ಮೇಲೆ ತನಗೆ ಬೇಕಾದದ್ದನ್ನು ಒದರುವುದಿಲ್ಲ. ಹಿರಿಯನೆಂದು ಕಾಲಿಗೆ ಬೀಳುತ್ತೇನೆ, ಬೀಳುತ್ತಲೇ ಇರುತ್ತೇನೆ. ಆದರೆ ನನ್ನ ಮಗಳ ಬಾಯಿಗೆ ನೀನು ಹಾಕಿದ ಆ ಹೂಂ ಅನ್ನು ನಾನು ಒಪ್ಪುವುದಿಲ್ಲ, ಒಪ್ಪುವುದಿಲ್ಲ, ಒಪ್ಪುವುದಿಲ್ಲ!

ವೈನಿಗೆ ಶಿರಸಾಷ್ಟಾಂಗ. ಮಕ್ಕಳಿಗೆ ಆಶೀರ್ವಾದ, ಅಭ್ಯಾಸ ಮಾಡಿರೆಂದು ಹೇಳು. ಮೊಣಕಾಲಿಗೆ ಎಣ್ಣೆ ತಿಕ್ಕುವುದನ್ನು ಬಿಡಬೇಡ.

ಇಂತು ನಿನ್ನ ತಮ್ಮ,
ಮಾರ್ತಾಂಡ

ತಾ. ಕ.: ಅವಸರದಲ್ಲಿ ಬರೆಯುತ್ತಿದ್ದೇನೆ, ಅಂಚೆ ಹೋಗುವ ಹೊತ್ತಾಯಿತು. ವಕೀಲರು ಬರುವುದು ನಾಳೆ ಮುಂಜಾನೆಯ ಗಾಡಿಗೆ. ಮೋಹನದಾಸ್ ಕರೆದಿರುವುದೂ ನಾಳೆ ಮುಂಜಾನೆ, ಮುಂಬಯಿ ಕೇಂದ್ರ ಮಾತಾಡುವ ಹೊತ್ತಿಗೆ. ಏನು ಮಾಡೋಣವೆಂದು ಇಂದೂನನ್ನು ಕೇಳಿದೆ. ‘ನೀವು ಸ್ಟೇಷನ್ನಿಗೆ ಹೋಗ್ರಿ ಅಪ್ಪಾ, ಬಂದವರಿಗೆ ಅಪಮಾನ ಆಗಬಾರದು. ನಾ ಅಂಗಡಿಗೆ ಹೋಗತೀನಿ’ ಎಂದಳು. ನಾನು ಸ್ಟೇಷನ್ನಿಗೆ ಹೋಗುವುದಿಲ್ಲ. ವಕೀಲರಿಗೆ ಈಗಲೇ ತಂತಿ ಕಳಿಸಿದ್ದೇನೆ, ಬರುವುದು ಬೇಡವೆಂದು, ನನ್ನ ಹೆಸರಿನಲ್ಲಿ. ಅದು ತಲುಪದೆ ಅವರು ಬಂದಿಳಿದರೆ ಗೋದಾ ಚಹಾ ಕೊಟ್ಟು ಕ್ಷಮೆ ಕೇಳಿ ಕಳಿಸುತ್ತಾಳೆ. ನಾಳೆ ಮುಂಜಾನೆ ಪೆಟ್ಟಿಗೆಯನ್ನು ಎದೆಗವಚಿಕೊಂಡು ಇಂದೂನ ಹಿಂದೆ ಲಕ್ಷ್ಮೀ ರೋಡಿಗೆ ನಾನು ನಡೆಯುತ್ತೇನೆ. ಅವಳದೊಂದೇ ಕರಾರು: ಸೀಟಿ ಅಡಗುವುದು ಕೇಳಬೇಕಾದರೆ ಅಪ್ಪ ತುಟಿ ಬಿಚ್ಚಕೂಡದು. ಒಪ್ಪಿದ್ದೇನೆ. ನಾಳೆ ಆ ಅಂಗಡಿಯಲ್ಲಿ, ಅಷ್ಟು ಜನರ ನಡುವೆ, ನಾನು ಬಾಯಿ ಮುಚ್ಚಿಕೊಂಡು ನಿಲ್ಲುತ್ತೇನೆ.